ಹಳೇ ಹೊಲಿಗೆ

ಗುತ್ತಲು ರಸ್ತೆಯಲ್ಲಿ ಇಲಿಯಾಸನ ಶೆಡ್ಡು.
ಮಟಮಟ ಮಧ್ಯಾಹ್ನ.
ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ
ತಡಕಾಡಿ ತಡಕಾಡಿ ಕೇಬಲ್ಲು ಚುಚ್ಚಿದ.
ಕೈಯಲ್ಲಿ ಟ್ಯೂನರು,
ನನ್ನ ಸೀಮೆಸುಣ್ಣದ ಡಬ್ಬಿಯಷ್ಟೇ ಗಾತ್ರ,
ಬನ್ನಿಮಂಟಪದಿಂದ ಒಂದು ದಿನದ ಬಾಡಿಗೆಗೆ ತಂದದ್ದು.

ಕಾರು ನನ್ನದು. ಬೂದು ಬಣ್ಣದ ಡೀಸೆಲ್ ಲಾರಾ,
ನಂಬರು ಕೆಎ ಹನ್ನೆರಡು, ಮಡಿಕೇರಿಯದು.
ಹದಿನೇಳು ವರ್ಷ ಬ್ಲೌಸು ಹೊಲಿದ ದುಡ್ಡು,
ಮೇಲೆ ಎರಡು ಚೀಟಿ ಎತ್ತಿದ್ದು.
ಬೀದಿಯಲ್ಲಿ ಅಂದರು: ಇವಳಿಗ್ಯಾಕೆ ಇಂಥಾ ಗಾಡಿ?
ನಾನೂ ಕೇಳಿಕೊಂಡೆ,
ಎರಡನೇ ಗೇರಿನಲ್ಲಿ ಯಾರೋ ಬೆನ್ನಿಗೆ ಕೈಯಿಟ್ಟು ದಬ್ಬಿದಾಗ,
ಕನ್ನಡಿಯ ತುಂಬ ಕರೀ ಹೊಗೆ ಕಂಡಾಗ.

"ಮೊದಲು ಒರಿಜಿನಲ್ ಉಳಿಸ್ಕೊತದೆ ಅಕ್ಕಾ,
ಆಮೇಲೆ ಏನು ಬೇಕಾದ್ರೂ ಬರೀಬೋದು.
ಕೆಟ್ರೆ ವಾಪಸ್ಸು."
ಫ್ಯಾನು ಬಂದ್, ರೇಡಿಯೋ ಬಂದ್,
ಬ್ಯಾಟರಿಗೆ ಚಾರ್ಜರಿನ ಎರಡು ಹಲ್ಲು.
ಬಾಗಿಲು ತೆಗೀಬೇಡಿ ಅಂದ.
ಹನ್ನೊಂದು ನಿಮಿಷ ಒಳಗೇ ಬೆವೆತು ಕೂತೆ,
ಅಳತೆ ಕೊಡುವಾಗ ಹೆಂಗಸರು
ಉಸಿರು ಹಿಡಿದು ನಿಲ್ಲುತ್ತಾರಲ್ಲ, ಹಾಗೆ.

ಪರದೆ ನೋಡಿ ಇಲಿಯಾಸ್ ನಕ್ಕ.
"ಒರಿಜಿನಲ್ ಅಂತ ಇದು ಅಂತದೆ. ಅಲ್ಲ.
ಯಾರೋ ಮೊದ್ಲೇ ಕೈಯಾಡ್ಸವ್ರೆ.
ನಾವು ಉಳಿಸ್ಕೊಂಡಿದ್ದು ಅವರ ಕೈನ."

ಇಷ್ಟೇ ತಾನೆ.
ನನ್ನ ಮಿಷನ್ನಿಗೆ ದಿನಾ ಬರುತ್ತವೆ ಇಂಥವು,
ಅಕ್ಕನದು ತಂಗಿಗೆ, ತಂಗಿಯದು ನಾದಿನಿಗೆ.
ಬಿಚ್ಚಿದರೆ ಸೂಜಿ ತೂತುಗಳ ಸಾಲು,
ಅದರ ಪಕ್ಕ ಇನ್ನೊಂದು ಸಾಲು,
ಯಾವ ಇಸ್ತ್ರಿಗೂ ಬಗ್ಗದ ಗೆರೆ.
ಮೊದಲು ಯಾರ ಮೈಗೆ ಹೊಲಿದದ್ದೋ
ಬಟ್ಟೆಗೂ ಮರೆತಿರುತ್ತದೆ.

ಆರ್‌ಸಿಯಲ್ಲಿದ್ದ ಹೆಸರು ಉತ್ತಯ್ಯ.
ಫೋನು ಮಾಡಿದೆ.
"ಓ, ಆ ಗಾಡಿಯಾ," ಅಂದರು, ಸ್ವಲ್ಪ ಹೊತ್ತು ಸುಮ್ಮನಾದರು.
"ಮಗಳಿಗೆ ತಿರುವಿನಲ್ಲಿ ವಾಂತಿ ಬರ್ತಿತ್ತಮ್ಮ,
ಒಂದೊಂದು ಸಲ ಗೇರು ಬದಲಿಸಿದಾಗಲೂ.
ಘಾಟಿಯೆಲ್ಲ ಒಂದೇ ಗೇರಿನಲ್ಲಿ ಹತ್ತೋ ಹಾಗೆ
ಮಾಡಿಕೊಡು ಅಂತ ಹುಡುಗನಿಗೆ ಹೇಳಿದ್ದೆ, ಮಾಡಿದ.
ಆದರೆ ನನಗೂ ಮುಂಚೆ ಸೋಮವಾರಪೇಟೆಯವನೊಬ್ಬ ಇದ್ದ.
ಅವನು ಏನು ಮಾಡಿಸಿದ್ದನೋ
ನಾನು ಕೇಳಲೇ ಇಲ್ಲ."

ಹೌದು, ಇಲ್ಲ. ಪರದೆಯಲ್ಲಿ ಎರಡೇ ಗುಂಡಿ.
"ಇದ್ರ ಮೇಲೇ ಇನ್ನೊಂದು ಬರೀಲಾ ಅಕ್ಕಾ?"
ಹೊಲಿಗೆಯ ಮೇಲೆ ಹೊಲಿಗೆ ಹಾಕಿದರೆ
ತೋಳು ಎತ್ತಿದಾಗ ಪರ್ ಅನ್ನುವುದು
ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?
ಬೇಡ ಅಂದೆ. ಬಾನೆಟ್ಟು ಎತ್ತಿಸಿದೆ.
ಟಾರ್ಚು ಹಿಡಿದವನಿಗೆ ಕಾಣಲಿಲ್ಲ,
ದಪ್ಪ ರಬ್ಬರು ಕೊಳವೆಯ ಅಡಿಮಗ್ಗುಲಲ್ಲಿ
ಎರಡು ಬೆರಳುದ್ದ ಹರಿದಿತ್ತು.
ಹರಿದದ್ದು ನನ್ನ ಕಣ್ಣಿಗೇ ಮೊದಲು ಬಿತ್ತು.
"ಥತ್, ಗಾಳಿಯೆಲ್ಲ ಇಲ್ಲೇ ಹೋಗ್ತಾ ಐತೆ!"
ಕೊಳವೆ, ಕ್ಲಾಂಪು, ಕೂಲಿ:
ಎರಡು ಲೈನಿಂಗ್ ಬ್ಲೌಸಿನ ದುಡ್ಡಿಗೂ ಕಮ್ಮಿ.

ಉಳಿಸಿಕೊಂಡ ಫೈಲನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡೆ.
ಹುಕ್ಕು, ಗುಂಡಿಗಳ ಡಬ್ಬಿಯಲ್ಲಿ ಬಿದ್ದಿರುತ್ತದೆ,
ಕೇಳಿಕೊಂಡು ಬರುವವಳು ಒಬ್ಬಳು ಇದ್ದೇ ಇರುತ್ತಾಳೆ.

ಸಂಜೆ ನಾಲೆಯ ಏರಿ ಹಿಡಿದೆ.
ಹೊಗೆ ಇಲ್ಲ.
ಎತ್ತ ನೋಡಿದರೂ ಚಪ್ಪಟೆ,
ಕಬ್ಬು, ಮತ್ತೆ ಕಬ್ಬು, ನಡುವೆ ಆಲೆಮನೆಯ ವಾಸನೆ.
ಇಂಜಿನ್ನು ಎಲ್ಲೋ ಒಂದು ಏರನ್ನು ಹುಡುಕುತ್ತಲೇ ಇತ್ತು.
ತೂಬಿನ ಹತ್ತಿರ ಮೋರಿಯ ಸಣ್ಣ ಉಬ್ಬು ಬಂತು,
ಆಳೆತ್ತರವೂ ಇಲ್ಲ,
ಗಾಡಿ ಗುಂ ಅಂತ ಮೈದುಂಬಿ ಹತ್ತಿತು.

ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ.
ಆದರೂ ನಾನು
ಗೇರು ಬದಲಿಸಲಿಲ್ಲ.