ದೋಣಿ ಬಂದಳು

ಮೂರನೇ ಇಯತ್ತೆಯ ಪಾಟಿಯ ಮೇಲೆ
ನಾನು ಬರೆದದ್ದು: ದೋಣಿ ಬಂದಳು.
ಸುಬ್ರಾಯ ಮಾಸ್ತರು ಬೈಯಲಿಲ್ಲ.
ಒದ್ದೆ ಬಟ್ಟೆಯಲ್ಲಿ ಕೊನೆಯ ಎರಡಕ್ಷರ ಒರೆಸಿ
ಆ ಜಾಗದಲ್ಲಿ ಒಂದನ್ನೇ ಬರೆದರು: ಬಂತು.
ಸರಕು ಇಳಿಸಿದ ಹಾಗೆ ದೋಣಿ ಹಗುರಾಯಿತು.

ಬೈತಖೋಲದ ನಮ್ಮ ಮನೆಗೆ ಎಲ್ಲರೂ ಬರುತ್ತಿದ್ದರು.
ಹೊಡಿ ಆಯ್ಲಿ, ಅವಳು.
ಬಾಂಗ್ಡೊ ಅವನು. ಮೋರಿ ಅವಳು,
ಅಷ್ಟೊಂದು ಸಾಲು ಹಲ್ಲಿದ್ದರೂ ಅವಳೇ.
ಸುಂಗಟ ಮಾತ್ರ ಅದು,
ಮತ್ತೆ ನಾನು.
ನಮ್ಮ ಮಾತಿನಲ್ಲಿ ಹುಡುಗಿ ಎಂದರೆ ತೆಂ, ಅದು;
ಬೇರೆ ಮನೆಯ ಮೆಟ್ಟಿಲೇರಿದ ಮೇಲೆ ತಿ, ಅವಳು.
ಅಜ್ಜಿಯ ಬಾಯಲ್ಲಿ ನಾನೂ ಸಿಗಡಿಯೂ ಒಂದೇ ಬುಟ್ಟಿ.

ಶಾಲೆಯ ಕನ್ನಡ ದೋಣಿಯನ್ನು ಅದು ಮಾಡಿತು,
ನನ್ನನ್ನು ಅವಳು.
ಹಾಜರಿ ಹೊತ್ತಿಗೆ, 'ಸುಗಂಧಾ ಬಂದಿದ್ದಾಳಾ?'
ಆ ದಾಳಾ ಕೇಳಿ ಹಿಂದೆ ತಿರುಗಿ ನೋಡಿದ್ದೆ,
ಯಾರೋ ದೊಡ್ಡ ಹೆಂಗಸು ಬಂದು ನಿಂತಿರಬೇಕೆಂದು.

ಒಂದು ಶನಿವಾರ ಸಿರ್ಸಿ ಬಸ್ಸಿಳಿದು
ಕೈಚೀಲದ ಮುದುಕಿಯೊಬ್ಬರು ಶಾಲೆಯತ್ತ ನಡೆದು ಬಂದಾಗ
ಮಾಸ್ತರು ಖಡು ಬಿಟ್ಟು ಕೂಗಿದರು: 'ಅರೇ, ಆಯಿ ಬಂತು!'
'ಬಂದರು ಅನ್ನಬೇಕು, ಸರ್.'
ಅವರ ಕಿವಿ ಮೊದಲು ಕೆಂಪಾಯಿತು, ನಗು ಆಮೇಲೆ.
'ಮನೇಲಿ ಹಂಗೇ ಹೇಳದು, ಕೂಸೆ.'
ಪುಸ್ತಕದ ಕನ್ನಡ ಅವರಿಗೂ
ಇಸ್ತ್ರಿ ಹಾಕಿದ ಅಂಗಿಯೆಂದು ಅವತ್ತು ತಿಳಿಯಿತು.

ನಾರಳಿ ಹುಣ್ಣಿಮೆಗೆ ಕಾಯದೆ ಹೋದ ಜೈವಂತ ಕಾಕಾ
ತಿರುಗಿ ಬರಲಿಲ್ಲ.
ಠಾಣೆಯ ಬೆಂಚಿನಲ್ಲಿ ಅಜ್ಜಿ, ಪಕ್ಕದಲ್ಲಿ ನಾನು,
ಹನ್ನೊಂದು ವರ್ಷದ ದುಭಾಷಿ.
ಹವಾಲ್ದಾರರು ಗದಗ ಕಡೆಯವರು.
ಅಜ್ಜಿ ಹೇಳಿದ್ದು ಒಂದೇ ಮಾತು: ತಾಣೆಂ ವ್ಹೆಲೊ.
ನಾನು ಹೇಳಿದೆ: ಅವನು ಒಯ್ದ.
ಪೆನ್ನು ನಿಂತಿತು.
'ಅವನು ಅಂದ್ರ ಯಾರು? ಹೆಸರೇನು?
ಹಳೇ ಜಗಳ ಏನರ ಇತ್ತೇನು?'

ಇತ್ತು. ಅಜ್ಜನ ಕಾಲದಿಂದ ಇತ್ತು.
ಅಜ್ಜಿ ದಿನಾ ಅವನಿಗೆ ಬೈಯುತ್ತಿದ್ದಳು,
ಹುಣ್ಣಿಮೆಗೆ ತೆಂಗಿನಕಾಯಿಯನ್ನೂ ಕೊಡುತ್ತಿದ್ದಳು,
ತಿಂದ ಮನೆ ಮರೆಯುವವನು ಎನ್ನುತ್ತಿದ್ದಳು.
ಆದರೆ ನನಗೆ ಕಲಿಸಿದ ಕನ್ನಡದಲ್ಲಿ
ಸಮುದ್ರ ಯಾರೂ ಆಗಿರಲಿಲ್ಲ.
ಸಮುದ್ರ, ಸರ್, ಎಂದೆ.
ಅವರು ಬರೆದುಕೊಂಡರು: ಸಮುದ್ರವು ಪ್ರಕ್ಷುಬ್ಧವಾಗಿದ್ದರಿಂದ...
ಅಷ್ಟುದ್ದದ ಪದದೊಳಗೆ
ಕಾಲರ್ ಹಿಡಿಯಲು ಒಬ್ಬನೂ ಇರಲಿಲ್ಲ.

ಅಜ್ಜಿ ಹೆಬ್ಬೆಟ್ಟು ಒತ್ತಿದಳು.
ದಾರಿಯಲ್ಲಿ ಕೇಳಿದಳು, ಅವನ ಹೆಸರು ಬರೆದರಾ?
ಹ್ಞೂಂ ಎಂದೆ.
ನಾಚಿಕೆಯಿಂದ ಹೇಳುತ್ತೇನೆ, ಆ ರಾತ್ರಿ
ಕಣ್ಣು ಮುಚ್ಚಿದಷ್ಟು ಸಲ ಅವನು ಬಾಗಿಲಲ್ಲಿದ್ದ;
ಅದು, ಅದು, ಅದು ಎಂದುಕೊಂಡ ಮೇಲೆಯೇ
ನನಗೆ ನಿದ್ದೆ ಹತ್ತಿದ್ದು.

ಮುಂದೆ ಅರ್ಗಾದ ಕ್ವಾರ್ಟರ್ಸಿಗೆ ಮೀನು ಕೊಡಲು ಹೋದಾಗ
ಬಿಳಿ ಅಂಗಿಯ ಅಧಿಕಾರಿ ಬೂದು ಹಡಗಿಗೆ ಬೆರಳು ತೋರಿಸಿ
ಇಂಗ್ಲಿಷಿನಲ್ಲಿ ಶೀ ಎಂದ.
ಒರೆಸಿಹೋದ ನನ್ನ ಎರಡಕ್ಷರ ಅಲ್ಲಿ ಲಂಗರು ಹಾಕಿದ್ದವು.
ಅವನ ಅಡಿಗೆಯವನ ಹಿಂದಿಯಲ್ಲಿ ಅದೇ ಹಡಗು ಗಂಡಸು.
ಹಡಗಿಗೆ ಏನೂ ಅನ್ನಿಸಿದ ಹಾಗಿರಲಿಲ್ಲ.

ನನ್ನ ಮಗಳಿಗೆ ಈಗ ಮೂರೂವರೆ.
ಬರುವ ಜೂನಿಗೆ ಬಾಲವಾಡಿ. ಅಲ್ಲಿಯವರೆಗೂ ಅದು ಅದೇ.
ಇಳಿತದ ಹೊತ್ತು, ಹಸಿ ಮರಳಿನ ಮೇಲೆ ನಿಂತು
ದೂರ ಸರಿದ ನೀರು ನೋಡಿ ಕೇಳುತ್ತದೆ:
ತೊ ಖಂಯ್ ಗೆಲೊ? ಅವನೆಲ್ಲಿ ಹೋದ?

ಒಂದು ಬಾಯಲ್ಲಿ ಇದಕ್ಕೆ ಚಂದ್ರನ ಲೆಕ್ಕವಿದೆ,
ಅದನ್ನು ಮಾಸ್ತರು ಹೇಳಿಕೊಡಲಿ.
ಸಂಜೆಗೆ ಬರ್ತಾನೆ ಎನ್ನುತ್ತೇನೆ.
ಕೈ ಮಾತ್ರ ಬಿಡುವುದಿಲ್ಲ.