ಬಾಯಿಲ್ಲದ ಅಕ್ಷರ

ಫ್ಲೆಕ್ಸ್ ಬಂದಮ್ಯಾಲ ನನ್ನ ಕುಂಚಕ್ಕ ಉಳಿದದ್ದು
ಲಾರಿಯ ಬೆನ್ನು, ಸಾಲಿ ಗ್ವಾಡಿ,
ಸತ್ತವರ ಹೆಸರು.
ಅಂಥಾದ್ರಾಗ ಒಂದು ಮಂಗಳವಾರ
ಜೋರಾಪುರ ಪೇಟೆಯ ನನ್ನ ಖೋಲಿಗೆ
ಸಮುದ್ರದ ಆಚಿ ದಂಡಿಯಿಂದ ಫೋನು:
ನಾನು ಕಾಕಾ, ಶಮೀಮಬಾನು, ಬಾಗವಾನರ ಮಗಳು.
ಮಾರ್ಸೇದಾಗ ಖಾನಾವಳಿ ತೆಗೀಲಾಕತ್ತೀನಿ.
ಬೋರ್ಡು ನೀನ ಬರೀಬೇಕು.

ಅವರಪ್ಪನ ದ್ರಾಕ್ಷಿ ಗಾಡಿಗೂ ನಾನ ಬರದಿದ್ದೆ,
'ಉದ್ರಿ ಕೇಳಬ್ಯಾಡ್ರಿ.'
ಅದರ ಕೆಳಗ ನಿಂತು ಜೀವಮಾನ ಪೂರ್ತಿ ಉದ್ರಿ ಕೊಟ್ಟ ಮನಿಷ್ಯಾ.
ಮಗಳು ಹಂಗಲ್ಲ.
ಮೂರೂವರಿ ಸಾವಿರ ಅಂದದ್ದನ್ನ
ಎರಡು ಸಾವಿರದ ಎಂಟುನೂರಕ್ಕ ಇಳಿಸಿ
ಅರ್ಧ ಅಡ್ವಾನ್ಸು ಅವತ್ತ ಹಾಕಿದಳು.

ಮೊದಲು ಮನಿಯಾಗ ಬಡೀತಿದ್ದಳಂತ:
ಪಾಂಡಿಚೇರಿ ಕಡಿಯ ಆರು ಮನಿ, ಹಡಗಿನ ಒಬ್ಬ ಅಡಗಿಯವ,
ಶುಕ್ರವಾರಕ್ಕ ನಲವತ್ತು ರೊಟ್ಟಿ.
ಜೋಳ ಎಲ್ಲಿಂದ, ಅಂದೆ.
ಆಫ್ರಿಕಾದವರ ಅಂಗಡ್ಯಾಗ ಸಿಗತೈತಿ ಕಾಕಾ,
ನಮ್ಮ ಮಾಲದಂಡಿ ಅಲ್ಲ, ಆದರ ಬಿಸಿನೀರು ಹಾಕಿ ನಾದಿದರ
ಹೇಳಿದ ಮಾತು ಕೇಳತೈತಿ.

ಈಗ ಬಂದರದ ಓಣ್ಯಾಗ ಎಂಟು ಖುರ್ಚಿ ಹಿಡಿಯೋ ಜಾಗ.
ಒಂದು ಕಡಿ ಬಲೆ ಹೊಲಿಯುವವ, ಒಂದು ಕಡಿ ಮುಚ್ಚಿದ ಚಪ್ಪಲಿ ಅಂಗಡಿ,
ಮ್ಯಾಲ ಒಬ್ಬಾಕಿ ಮುದುಕಿ,
ರೊಟ್ಟಿ ಬಡಿಯೋ ಸಪ್ಪಳಕ್ಕ ಆಗಲೇ ಅರ್ಜಿ ಕೊಟ್ಟಾಕಿ.
ಹೊಗಿಗೊಂದು ಕಾಗದ, ನೀರಿಗೊಂದು, ಕಸಕ್ಕೊಂದು,
ಬೋರ್ಡಿನ ಬಣ್ಣಕ್ಕೂ ಒಂದು.
ನನ್ನ ಕೆಂಪು ಅವರ ಆಫೀಸಿನಾಗ ನಾಪಾಸಾತು,
ಹಳೇ ಓಣಿಗೆ ಒದರುವ ಬಣ್ಣ ಒಗ್ಗೂದಿಲ್ಲಂತ.
ಬೇಗಂ ತಲಾಬಿನ ದಂಡಿಗೆ ಹ್ವಾದೆ.
ಬ್ಯಾಸಗಿಗೆ ಇಳಿದ ನೀರು ಕಲ್ಲಿನ ಮ್ಯಾಲ ಬಿಟ್ಟ ಗೆರಿ ನೋಡಿ
ನೀಲಿಗೆ ಚಿಟಿಕಿ ಕರಿ, ಬೆರಳಷ್ಟು ಹಸರು ಕಲಸಿದೆ.
ಅದು ಪಾಸಾತು.

ಸಮುದ್ರ ನಾ ನೋಡಿಲ್ಲ.
ರತ್ನಾಗಿರಿಯಿಂದ ಬಂದ ಲಾರಿ ಬಾಗಿಲ ತಿಕ್ಕಿ ಗೊತ್ತು,
ಉಪ್ಪುಗಾಳಿ ತಗಡು ತಿಂತೈತಿ.
ರೆಡ್ ಆಕ್ಸೈಡು ಎರಡು ಕೋಟಿನ ಬದಲು ಮೂರು ಹೊಡದೆ.
ಪೆಟ್ಟಿಗ್ಯಾಗ ಹಿಡೀಲಿ ಅಂತ ನಡುವ ಬಿಜಾಗರಿ ಹಾಕಿ
ಪುಸ್ತಕದಂಗ ಮಡಚುವಂತೆ ಮಾಡಿದೆ.

'ಖಾನಾವಳಿ' ಕೈಗೆ ಬಂದ ಶಬ್ದ,
ಕಣ್ಣು ಮುಚ್ಚಿದರೂ ಳ-ದ ಸುರುಳಿ ಸರಿ ಬೀಳತೈತಿ.
ಅದರ ಕೆಳಗ ಆ ದೇಶದ ಲಿಪಿ.
ಚಹಾಕ್ಕ ಅವರು 'ತೇ' ಅಂತಾರ, ಕಡೀ ಅಕ್ಷರದ ನೆತ್ತಿ ಮ್ಯಾಲ ಒಂದು ಗೀಟು.
ಅದಕ್ಕೇನು, ತಲಕಟ್ಟು ಕಟ್ಟಿ ಕಟ್ಟಿ ಬೆಳ್ಳಗಾದ ತಲಿ ನಂದು.
ತ್ರಾಸು ಕೊಟ್ಟದ್ದು ಊರಿನ ಹೆಸರು:
ಬಾಯಾಗ ಎರಡೂವರಿ ಅಕ್ಷರ, ಬರಿಯೂದು ಒಂಬತ್ತು.
ಉಳಿದವು ಏನ್ ಮಾಡತಾವ ತಂಗಿ, ಅಂದೆ.
ಸುಮ್ಮನ ಕುಂಡ್ರತಾವ ಕಾಕಾ,
ನಿಶ್ಚಯಕ್ಕ ಬಂದ ದೂರದ ನೆಂಟರಂಗ.
ಮಾತಿಲ್ಲ, ಆದರ ಎಣಿಕ್ಯಾಗ ಇರಬೇಕು.
ಬಾಯಿಲ್ಲದ ಅಕ್ಷರ ನಾ ಎಂದೂ ಬರದವನಲ್ಲ.
ನಮ್ಮಲ್ಲಿ ಅರ್ಧ ಅಕ್ಷರಕ್ಕೂ
ಕಾಲಡಿ ಜಾಗ ಕೊಟ್ಟು ಕೂಗಸ್ತೀವಿ.

ಆಕಿ ಮೈದುನ ಒಯ್ದ. ಇಪ್ಪತ್ತು ದಿನಕ್ಕ ಫೋಟೋ ಬಂತು:
ಬೋರ್ಡು ಒಂದೀಟು ಎಡಕ್ಕ ವಾಲಿತ್ತು, ಮ್ಯಾಲೊಂದು ಬಿಳಿ ಹಕ್ಕಿ,
ಕೆಳಗ ಶಮೀಮ, ಮುಂಗೈತನಕ ಹಿಟ್ಟು.
ಹಿಗ್ಗಿ ಅಕ್ಷರ ಎಣಿಸಿದೆ. ಎಂಟು.
ಮತ್ತ ಎಣಿಸಿದೆ.
ಜೋಡಿ ಕಂಬದ ಜಾಗದಾಗ ಒಂಟಿ ಕಂಬ.
ನಲವತ್ತೊಂದು ವರ್ಷ ಕುಂಚ ಹಿಡದ ಕೈ!
ಇನ್ನೊಂದು ಬರದು ಕಳಸ್ತೀನಿ ತಂಗಿ, ಅಂದೆ.

ಮುಟ್ಟಬ್ಯಾಡ ಅದನ್ನ, ಅಂದಳು.
ಮೊದಲನೇ ವಾರ ಒಳಗ ಒಂದು ನಾಯಿ ಬರಲಿಲ್ಲ.
ಒಂಬತ್ತನೇ ದಿನ ಮ್ಯಾಲಿನ ಮುದುಕಿ ಇಳದು ಬಂದು
ನಮ್ಮೂರ ಹೆಸರು ಕೆಡಿಸೀಯಲ್ಲ ಅಂತ ಕೋಲು ಎತ್ತಿ ಜಗಳ ತೆಗದಳು.
ಜಗಳ ಉದ್ದ ಆತು. ಕುಂಡ್ರು ಅಂದೆ, ಕುಂತಳು.
ರೊಟ್ಟಿ ಝುಣಕಾ ಇಟ್ಟೆ.
ಮರುದಿನ ತಪ್ಪು ತೋರಿಸಾಕ ಗೆಳತೀನ್ನ ಕರಕೊಂಡು ಬಂದಳು.
ಬಲೆಯವ ಬಂದ, ಟಪಾಲಿನವ ಬಂದ,
ತಿದ್ದಾಕ ಬಂದವರು ಯಾರೂ ಹಸದು ಹೋಗಿಲ್ಲ ಕಾಕಾ.

ಬಾಕಿ ಹದಿನಾಲ್ಕುನೂರು ಸಂಜಿಗೆ ಬಂತು.
ಬರೀದ ಅಕ್ಷರದ ಬಾಬತ್ತು ಐವತ್ತು ರೂಪಾಯಿ
ನಾನು ತಿರುಗಿ ಹಾಕಿದೆ.
ಬ್ಯಾಡ ಅಂತಾಳ ಅಂದಕೊಂಡಿದ್ದೆ.
ತುಟಿಪಿಟಕ್ಕನ್ನದ ತಗೊಂಡಳು.
ಈಕಿ ಅಂಗಡಿ ನಡೀತೈತಿ.