ಇನ್ನೊಂದು ಚಾವಿ

ಮುಳಬಾಗಿಲಿನಿಂದ ಬಾಗಲಕೋಟೆಗೆ.
ಎರಡೂ ಹೆಸರಿನೊಳಗೆ ಒಂದೊಂದು ಬಾಗಿಲಿದೆಯಲ್ಲ
ಎಂದು ಬಸ್ಸಿನಲ್ಲಿ, ಇಳಕಲ್ ದಾಟಿದ ಮೇಲೆ, ಹೊಳೆಯಿತು.
ಹೇಳೋಣವೆಂದರೆ ಪಕ್ಕದ ಸೀಟಿನಲ್ಲಿ
ನನ್ನದೇ ಕುಕ್ಕರು ಕೂತಿತ್ತು, ಮೂರು ಲೀಟರಿನದು,
ಅಮ್ಮ ಒಳಗೆ ತುರುಕಿದ ರಾಗಿಹಿಟ್ಟಿನ ಸಮೇತ.

ನವನಗರ. ಇಲ್ಲಿ ಸೆಕ್ಟರಿಗೆ ನಂಬರು.
"ಯಾವ ಸೆಕ್ಟರ್ರೀ ಅಕ್ಕಾರ?" ಎಂದ ಆಟೋದವನು.
ಚೀಟಿ ನೋಡಿ ಹೇಳಿದೆ. ಇಪ್ಪತ್ತಾರು ವರ್ಷದಲ್ಲಿ
ನನ್ನ ವಿಳಾಸ ನಾನೇ ಓದಿ ಹೇಳಿದ್ದು ಅದೇ ಮೊದಲು.

ಮಾಲಕಿ ಕಸ್ತೂರೆವ್ವ ಎರಡು ಚಾವಿ ಕೊಟ್ಟಳು.
"ಒಂದು ನಿನಗ, ಒಂದು ನಿಮ್ಮ ಮಂದಿಗೆ."
ನಮ್ಮ ಮಂದಿ ಐನೂರು ಚಿಲ್ಲರೆ ಕಿಲೋಮೀಟರ್ ಆಚೆ
ಟೊಮೇಟೊ ಕ್ರೇಟು ಎಣಿಸುತ್ತಿರುತ್ತಾರೆ ಈ ಹೊತ್ತಿಗೆ.
ಇನ್ನೊಂದನ್ನು ಸಕ್ಕರೆ ಡಬ್ಬದಲ್ಲಿಟ್ಟೆ.
ಚಾ ಮಾಡುವಾಗಲೆಲ್ಲ ಚಮಚಕ್ಕೆ ಅದೇ ಸಿಗುತ್ತದೆ.

ನನ್ನ ಕೆಲಸ ಕಿವಿ ಪರೀಕ್ಷೆ.
ಗಾಜಿನ ಆಚೆ, ಸದ್ದು ಹೊಗದ ಕೋಣೆಯಲ್ಲಿ
ಒಬ್ಬೊಬ್ಬರನ್ನೇ ಕೂರಿಸಿ, ಹೆಡ್‌ಫೋನ್ ತೊಡಿಸಿ
"ಸದ್ದು ಬಂದರೆ ಬೆರಳು ಎತ್ತಿ" ಎನ್ನುತ್ತೇನೆ.
ಮೊದಲ ವಾರ ಬಹಳ ಜನ ಎತ್ತಲಿಲ್ಲ.
ದೋಷ ಕಿವಿಯದಲ್ಲ, ನನ್ನ ಮಾತಿನದು.
ಆಯಾ ಹಸೀನಾಬಿ ಬಾಗಿಲಲ್ಲಿ ನಿಂತು ಬಿಡಿಸಿ ಹೇಳಿದಳು:
"ಸಪ್ಪಳಾ ಕೇಳ್ತಂದ್ರ ಬಟ್ಟ ಎತ್ತ್ರಿ ಯಜ್ಜಾ,
ಸುಮ್ನ ನಮ್ಮ ಮಾರಿ ನೋಡಕೋತ ಕುಂಡ್ರಬ್ಯಾಡ್ರಿ."
ಬಟ್ಟು. ನಮ್ಮ ಕಡೆ ಅದು ಹಣೆಯ ಮೇಲಿರುತ್ತದೆ.
ಇಲ್ಲಿ ಕೈಯಲ್ಲಿ.

ಗುಳೇದಗುಡ್ಡದ ರಾಚಪ್ಪ, ನಲವತ್ತು ವರ್ಷ
ಪವರ್‌ಲೂಮಿನ ಎದುರು ನಿಂತವನು,
ನಾನು ಗುಂಡಿ ಒತ್ತದಿದ್ದಾಗಲೂ ಬೆರಳೆತ್ತಿದ.
ಹೆಡ್‌ಫೋನ್ ತೆಗೆದು, ಕಿವಿಗೆ ಬಾಯಿಟ್ಟು ಕೂಗಿದೆ:
"ಈಗ ಏನೂ ಬಿಟ್ಟಿಲ್ಲ ಅಜ್ಜಾ!"
"ಮಗ್ಗ ನಡದೈತಲ್ಲವಾ," ಎಂದ.
"ಮಾರಿ ಮೂರು ವರ್ಷಾತು. ನಡದ ಐತಿ."

ಆ ರಾತ್ರಿ ಫ್ಯಾನ್ ಆರಿಸಿ ಕೂತೆ,
ನನ್ನೊಳಗೆ ಏನು ನಡದೈತಿ ನೋಡೋಣ ಎಂದು.
ತಂಗಿಯ ಚಪ್ಪಲಿ. ಅಪ್ಪನ ಫೋನಿನ ಕೂಗಾಟ,
ಮಂಡಿ ರೇಟು, ಅರ್ಧ ತೆಲುಗು.
ಬಚ್ಚಲ ಬಾಗಿಲು ಬಡಿದು "ಎಷ್ಟೊತ್ತೇ!" ಎನ್ನುವವರು.
ಈ ಬಚ್ಚಲಲ್ಲಿ ಎಷ್ಟು ಹೊತ್ತಾದರೂ ಇರಬಹುದು.
ಇದಕ್ಕೇ ಅಲ್ಲವೆ ಬಂದದ್ದು? ಹೌದು, ಇದಕ್ಕೂ.
ಮೊದಲ ಸಂಬಳದಲ್ಲಿ ಹಳದಿ ಬಕೆಟ್ ಕೊಂಡೆ,
ಯಾರನ್ನೂ ಬಣ್ಣ ಕೇಳದೆ, ಬಹಳ ಹೊತ್ತು ಚೌಕಾಸಿ ಮಾಡಿ.
ಆದರೆ ಭಾನುವಾರ ಇಲ್ಲಿ ತುಂಬ ಉದ್ದ.
ಒಬ್ಬಳಿಗಾಗಿ ಮುದ್ದೆ ಸರಿಯಾಗಿ ಬರುವುದಿಲ್ಲ;
ಅಷ್ಟು ಕಡಿಮೆ ಹಿಟ್ಟಿಗೆ ಕೋಲಿನ ಹಿಡಿತ ಸಿಗದು.

ಜ್ವರ ಬಂದು ಎರಡು ದಿನ ಮಲಗಿಬಿಟ್ಟೆ,
ಒಳಗಿಂದ ಬೀಗ ತಿರುವಿ.
ಕಸ್ತೂರೆವ್ವ ಮೆಟ್ಟಿಲು ಹತ್ತಿ ಬಡಿದಳು, ಬಡಿದಳು,
ಕಡೆಗೆ ನಾನೇ ಎದ್ದು ತೆಗೆದಾಗ ಬೈದಳು:
"ಆ ಇನ್ನೊಂದು ಚಾವಿ ಯಾರ ಹಂತ್ಯಾಕ ಐತಿ?"
"ಸಕ್ಕರೆ ಡಬ್ಬದಲ್ಲಿ."
"ಸಕ್ರಿಗೆ ಕೀಲಿ ಹಾಕ್ತಿ ಏನ? ತಾ ಇಲ್ಲೆ."

ಅವಳ ಮನೆಯ ಚೌಕಟ್ಟು ಗೋಡೆಗಿಂತ ಹಳೆಯದು.
ಹಿನ್ನೀರು ಬರುವ ಮುಂಚೆ ಹಳೇ ಊರಿನಿಂದ
ಟ್ರ್ಯಾಕ್ಟರಿನಲ್ಲಿ ಮಲಗಿಸಿ ತಂದದ್ದಂತೆ,
ಮೇಲೆ ಕೌದಿ ಹೊದಿಸಿ.
ಒಳಗೆ ಮೊಳೆಯಲ್ಲಿ ಗೇಣುದ್ದದ ತುಕ್ಕಿನ ಚಾವಿ.
"ಇದು ಯಾವುದರದು?"
"ಆ ಮನೀದು. ಮುಂಬಾಗಲಾ ಕಿತ್ತಗೊಂಡ ಬಂದ್ವಿ,
ಹಿತ್ತಲ ಬಾಗಲಕ್ಕ ಕೀಲಿ ಹಾಕಿ ಬಂದ್ವಿ."
ಹೇಳಿ ತಾನೇ ನಕ್ಕಳು, ಸೆರಗು ಬಾಯಿಗಿಟ್ಟು.
ನಗು ನಿಂತ ಮೇಲೆ ನುಚ್ಚಿಗೆ ಮಜ್ಜಿಗೆ ಹೊಯ್ಯುತ್ತ
"ಈ ಊರಾಗ ಎಲ್ಲಾರೂ ಬಂದವರ, ತಂಗಿ.
ನೀ ಸ್ವಲ್ಪ ತಡಾ ಮಾಡಿ ಬಂದಿ," ಎಂದಳು.
ಅದೇ ಮೊಳೆಗೆ ನನ್ನದನ್ನೂ ತೂಗಿಹಾಕಿದಳು.

ರಾತ್ರಿ ಕೆಳಗೆ ಯಾರೋ ಕೊಡ ಉರುಳಿಸಿದರು.
ಕತ್ತಲಲ್ಲಿ, ಯಾರೂ ಹೇಳದಿದ್ದರೂ,
ಬಟ್ಟು ಎತ್ತಿದೆ.

ಬೆಳಿಗ್ಗೆ ಡಬ್ಬದಲ್ಲಿ ಚಮಚ ಆಡಿಸಿದರೆ ಬರೀ ಸಕ್ಕರೆ.
ಸ್ವಲ್ಪ ಹೊತ್ತು ಹುಡುಕಿದೆ.